ಜಾಲಿ ಗೋಡೆ

ಜಾಲಿ ಗೋಡೆ ಕಟ್ತೀವಿ ಅಂದಾಗ
ನಮ್ಮೂರಲ್ಲಿ ಜಗಳಾನೇ ಆಯ್ತು.
ಕೂಸುಗಳ ಸುತ್ತ ಯಾರಾದ್ರೂ ಮುಳ್ಳು ಹಾಕ್ತಾರಾ ಅಂತ
ಓಬಳಕ್ಕ ಸೆರಗು ಬಿಗಿದು ನಿಂತ್ಲು.
ಬಾಗೇಪಲ್ಲಿ ಕಡೆಯೋರಿಗೆ ಜಾಲಿ ಅಂದ್ರೆ ಒಂದೇ:
ಕಾಲಿಗೆ ಚುಚ್ಚೋದು, ಒಲೇಲಿ ಉರಿಯೋದು.
ಆರ್ಕಿಟೆಕ್ಟಮ್ಮ ನಗ್ಲಿಲ್ಲ.
ಕಾರಿಂದ ಒಂದು ಇಟ್ಟಿಗೆ ತಂದು, ಇನ್ನೊಂದು ತಂದು,
ನಡುವೆ ನಾಲ್ಕು ಬೆರಳು ಬಿಟ್ಟು ಜೋಡಿಸಿದ್ಲು:
ಈ ಬಿಟ್ಟ ಜಾಗ ಐತಲ್ಲ, ಇದೇ ಜಾಲಿ.

ಇಟ್ಟಿಗೆಗೆ ಕೂಲಿ ಕೊಡ್ತೀರಿ,
ಬಿಟ್ಟಿದ್ದಕ್ಕೆ?
ಕೇಳಿದ್ದು ಗಾರೆ ಸುಬ್ಬರಾಯಪ್ಪ.
ಇವತ್ತಿನವರೆಗೂ ಅವನಿಗೆ ಯಾರೂ ಉತ್ತರ ಹೇಳಿಲ್ಲ.

ನಾನು ಇಲ್ಲಿ ಸಹಾಯಕಿ, ಗಂಗುಲಮ್ಮ.
ಹಾಡು ಟೀಚರಮ್ಮಂದು, ಉಪ್ಪಿಟ್ಟು ನಂದು.
ಒಂದಿನ ಟೇಪು ಹಿಡ್ಕೊಂಡು ಬಂದೋಳು
ಕೈ ಎತ್ತಿ ಅಂದ್ಲು. ಎತ್ತಿದೆ.
ಸಾಕು ಅನ್ನಿಸಿದ ಕಡೆ ನಿಲ್ಸಿ ಅಂದ್ಲು.
ಸಾಕು ಅನ್ನಿಸಿದ ಕಡೆ!
ರವಿಕೆ ಹೊಲಿಯೋ ನಸೀಮ ಬಿಟ್ರೆ
ನನ್ನ ಅಳತೆ ತಗೊಂಡೋರು ಇನ್ಯಾರೂ ಇಲ್ಲ.
ಬೇಳೆ ಡಬ್ಬಿ ಕೂರೋ ಚಪ್ಪಡಿ ಈಗ
ಅಲ್ಲೇ ಐತೆ, ಕೈ ನಿಂತಲ್ಲೇ.
ಮೂವತ್ತೊಂದು ವರ್ಷ ತುದಿಗಾಲಲ್ಲಿ ದುಡಿದ ಹಿಮ್ಮಡಿ
ನೆಲಕ್ಕೂರಿ ಕೂತಿತು.
ಕಲೆ ಗಿಲೆ ನಂಗೊತ್ತಿಲ್ಲ,
ಹಿಮ್ಮಡಿನ ಕೇಳಿ.

ಜಾಲಿದು ಮಾತ್ರ ಬೇರೆ ಕತೆ.
ಮಾಗಿ ತಿಂಗಳ ಗಾಳಿಗೆ ಮಕ್ಕಳೆಲ್ಲ ಕೆಮ್ಮಿದ್ವು,
ಯೂರಿಯಾ ಚೀಲ ಹರಿದು ಹರಿದು ತುರುಕಿದೆ.
ಬೇಸಿಗೆಗೆ ಕಿತ್ತೆ.
ಆಮೇಲೆ ಬಿಸಿಲು ಚೌಕ ಚೌಕವಾಗಿ ಒಳಗೆ ಬಿತ್ತು,
ಒಂದೊಂದು ಚೌಕಕ್ಕೆ ಒಂದೊಂದು ಕೂಸು.
ನಂದು, ನಂದು ಅಂತ ಕಿತ್ತಾಟ.
ಚೌಕ ಜರುಗಿದ್ರೆ ಇವೂ ಕುಂಡಿ ಜರುಗಿಸ್ಕೊಂಡು ಹೋಗ್ತಿದ್ವು.
ಹನ್ನೊಂದಕ್ಕೆ ಎಲ್ಲಾ ಗೋಡೆಗೆ ಅಂಟ್ಕೊಂಡು ನಿಂತಿರೋವು.

ತೂತುಗಳೂ ಹಂಚಿಕೆಯಾದ್ವು.
ಒಂದರಲ್ಲಿ ಎಡಗಾಲಿನ ಚಪ್ಪಲಿ,
ಒಂದರಲ್ಲಿ ಹುಣಸೆಬೀಜ, ಅರ್ಧ ಚಿಕ್ಕಿ,
ಅದಕ್ಕೆ ಇರುವೆ.
ತಿನ್ನಕ್ಕೆ ಮನಸ್ಸಿಲ್ಲದ ಮೊಟ್ಟೆ
ಒಂದರಲ್ಲಿ ಬಚ್ಚಿಟ್ಟು ಮರೆತಿದ್ದ ಭೂತಪ್ಪ.
ನಾಲ್ಕು ದಿನ ಟೀಚರಮ್ಮ ಸೀರೆ ಮೂಗಿಗೆ ಹಿಡ್ಕೊಂಡೇ
ಅ ಆ ಇ ಈ ಹೇಳಿಕೊಟ್ರು.

ಶಿವರಾತ್ರಿ ಕಳೆದ ಮೇಲೆ ಫೋಟೋದೋರು ಬಂದ್ರು.
ಎಲ್ಲಾ ತೆಗೀರಿ ಅಂದ್ರು. ತೆಗೆದೆ, ಮೂರು ಗಂಟೆ.
ಮಕ್ಕಳನ್ನ ಹೊಂಗೆ ಮರದಡಿ ಕೂರಿಸಿದೆ.
ನಮ್ಮದಲ್ಲದ ಒಂದು ಹಿತ್ತಾಳೆ ಬಿಂದಿಗೆ
ಎಲ್ಲಿಂದಲೋ ಬಂದು ಬಾಗಿಲಲ್ಲಿ ಕೂತಿತು.
ವನಜಾಕ್ಷಿ ಮಗಳನ್ನ ಮಾತ್ರ ಕರೆದು
ಓಡು ಅಂದ್ರು. ಓಡಿದ್ಲು.
ಇನ್ನೊಂದ್ಸಲ ಅಂದ್ರು. ಏಳು ಸಲ ಓಡಿದ್ಲು.

ಪುಸ್ತಕ ಬಂದಾಗ ಮೇಲ್ವಿಚಾರಕಿ ತಂದು ತೋರಿಸಿದ್ರು.
ಬಣ್ಣದ ಕಾಗದ, ಮೈಸೂರುಪಾಕಿನಂಗೆ ನುಣ್ಣಗೆ.
ಗೋಡೆ ಐತೆ, ಬೆಳಕು ಐತೆ, ಬಿಂದಿಗೆ ಐತೆ.
ಆ ಹುಡುಗಿ ಇದ್ದಲ್ಲಿ
ಒರೆಸಿಬಿಟ್ಟ ಬಳಪದಂಗೆ ಒಂದು ಮಬ್ಬು.
ಅವಳಮ್ಮ ಬೆರಳಿಟ್ಟು ಹುಡುಕಿ ಹುಡುಕಿ
ಇದು ಕಾಲಿರಬೇಕು ಅಂದ್ಲು.

ನಾನು ನೋಡಿದ್ದು ಮೇಲಿನ ಸಾಲು.
ನನ್ನ ಕೈ ಸಾಕು ಅಂದಲ್ಲಿಂದ ಎರಡು ಗೇಣು ಮೇಲೆ
ಒಂದು ತೂತಲ್ಲಿ ನಾರು, ನೀಲಿ ಚೀಲದ ಎಳೆ.
ಎಟುಕದೆ ಉಳಿದಿತ್ತು.

ಅವತ್ತು ಸಂಜೇನೇ ಆರ್ಕಿಟೆಕ್ಟಮ್ಮನ ಫೋನು.
ಗಂಗುಲಮ್ಮ, ಮೇಲೆ ಅದೇನದು?
ಅಳಿಲು ಮೇಡಮ್ಮು. ಮರಿ ಹಾಕೈತೆ.
ಬೈತಾಳೆ ಅಂದ್ಕೊಂಡೆ.
ಸುಮಾರು ಹೊತ್ತು ಮಾತಿಲ್ಲ, ಪೆನ್ಸಿಲ್ ಗೀಚೋ ಸದ್ದು.
ಎಷ್ಟುದ್ದ ಐತೆ ಅಂದ್ಲು.
ಇಣುಕಿ ನೋಡಿ ಹೇಳಿದೆ:
ಒಂದು ಚೋಟು,
ಬಾಲ ಬಿಟ್ಟು.